ಹೋಳಿಗೆ ಎಂದು ಯಾವುದನ್ನು ಕರೆಯಬೇಕು?

ಹೋಳಿಗೆಯ ವಿಷಯದಲ್ಲಿ ನನಗೆ ಕೆಲವು ಗಟ್ಟಿ ಅಭಿಪ್ರಾಯಗಳಿವೆ. ಅವನ್ನು ಮೊದಲೇ ಹೇಳಿಬಿಡುವುದು ವಾಸಿ. ಹೋಳಿಗೆಯ ಅಂಚು ಒಣಗಿ ಗಟ್ಟಿಯಾಗಿರಬಾರದು. ಹೂರಣ ನಡುವೆ ಗುಡ್ಡೆಯಾಗಿ ಕೂರದೆ ಅಂಚಿನವರೆಗೂ ಹರಡಿರಬೇಕು. ಹೂರಣಕ್ಕೆ ಬೆಲ್ಲವೇ ಆಗಬೇಕು. ಸಕ್ಕರೆ ಹಾಕಿದ್ದು ಸಿಹಿಯಾಗಿರುತ್ತದೆ, ಅಷ್ಟೆ. ಏಲಕ್ಕಿ ಇರಬೇಕು, ಆದರೆ ಏಲಕ್ಕಿಯೇ ಮೊದಲು ನಾಲಿಗೆಗೆ ಸಿಗಬಾರದು. ತುಪ್ಪ ಹೋಳಿಗೆಯ ಮೇಲೆ ಬೀಳಬೇಕೇ ಹೊರತು ಪಕ್ಕದ ಬಟ್ಟಲಲ್ಲಿ ನೆಂಟರ ಹಾಗೆ ಮುದುಡಿಕೊಂಡು ಕೂರಬಾರದು. ಕೊನೆಯದಾಗಿ, ಹಬ್ಬದ ದಿನದ ಬಿಸಿ ಹೋಳಿಗೆಗಿಂತ ಮರುದಿನ ಬೆಳಿಗ್ಗೆಯ ಹೋಳಿಗೆ ರುಚಿ. ಇದನ್ನು ಒಪ್ಪದವರು ನಮ್ಮ ಮನೆಯಲ್ಲೇ ಇಬ್ಬರಿದ್ದಾರೆ.

ಇವೆಲ್ಲ ರುಚಿಯ ಮಾತುಗಳು. ಊಟ ತನ್ನಿಚ್ಛೆ ಎಂದು ಹಿರಿಯರೇ ಹೇಳಿದ್ದಾರೆ. ಹಾಗಾಗಿ ಇಂಥ ಮಾತುಗಳಿಂದ ಯಾರಿಗೂ ನಷ್ಟವಿಲ್ಲ. ಆದರೆ ಹಬ್ಬದ ಪಂಕ್ತಿಯಲ್ಲಿ ಕೇಳಿಬರುವ ಮಾತು ಇನ್ನೊಂದಿದೆ. ‘ಇದು ಹೋಳಿಗೆಯೇ ಅಲ್ಲ’ ಎನ್ನುವುದು. ‘ನನಗೆ ಇದು ಸೇರುವುದಿಲ್ಲ’ ಎನ್ನುವವರು ತಮ್ಮ ನಾಲಿಗೆಯ ಬಗ್ಗೆ ಹೇಳುತ್ತಾರೆ. ‘ಇದು ಹೋಳಿಗೆಯೇ ಅಲ್ಲ’ ಎನ್ನುವವರು ತಟ್ಟೆಯಲ್ಲಿರುವುದರ ಬಗ್ಗೆ ತೀರ್ಪು ಕೊಡುತ್ತಾರೆ. ಬಹಳ ಸಲ ಅದನ್ನು ಮಾಡಿದವರ ಬಗ್ಗೆಯೂ ಕೊಡುತ್ತಾರೆ. ಮೂವತ್ತು ವರ್ಷ ಅಡುಗೆಮನೆಯಲ್ಲೂ ತರಗತಿಯಲ್ಲೂ ನಿಂತು ನೋಡಿದ ಮೇಲೆ, ಈ ಎರಡನೆಯ ಮಾತನ್ನು ಆಡುವ ಅಧಿಕಾರ ಯಾರಿಗೆ, ಯಾವಾಗ ಇದೆ ಎಂದು ಯೋಚಿಸಬೇಕೆನ್ನಿಸಿದೆ.

ನನ್ನ ತವರು ಹಾವೇರಿಯ ಕಡೆ, ಸೇರಿದ ಮನೆ ತುಮಕೂರಿನ ಕಡೆ. ಎರಡು ಊರುಗಳ ನಡುವೆ ರೈಲಿನಲ್ಲಿ ಅರ್ಧ ದಿನದ ದಾರಿಯೂ ಇಲ್ಲ. ಆದರೆ ಹೋಳಿಗೆಯ ಲೆಕ್ಕದಲ್ಲಿ ಅವು ಬೇರೆ ಬೇರೆ ರಾಜ್ಯಗಳು. ಮೊದಲಿಗೆ ಹೆಸರೇ ಬೇರೆ: ನಮ್ಮಲ್ಲಿ ಹೋಳಿಗೆ, ಇಲ್ಲಿ ಒಬ್ಬಟ್ಟು. ನಮ್ಮಲ್ಲಿ ಹೂರಣಕ್ಕೆ ಕಡಲೆಬೇಳೆ, ಇಲ್ಲಿ ತೊಗರಿಬೇಳೆ. ನಮ್ಮಲ್ಲಿ ಕಣಕಕ್ಕೆ ಗೋಧಿ ಹಿಟ್ಟು, ಇಲ್ಲಿ ಚಿರೋಟಿ ರವೆ ಮತ್ತು ಮೈದಾ. ಅದಕ್ಕೆ ಚಿಟಿಕೆ ಅರಿಸಿನ ಸೇರಿಸಿ, ನಾದಿ, ಎಣ್ಣೆಯಲ್ಲಿ ಗಂಟೆಗಟ್ಟಲೆ ನೆನೆಯಲು ಬಿಡುತ್ತಾರೆ. ನಮ್ಮವ್ವ ಮಣೆಯ ಮೇಲಿಟ್ಟು ಲಟ್ಟಣಿಗೆಯಿಂದ ಲಟ್ಟಿಸುತ್ತಿದ್ದಳು. ನಮ್ಮತ್ತೆ ಬಾಳೆಲೆಗೆ ಎಣ್ಣೆ ಸವರಿ ಬೆರಳುಗಳಿಂದ ತಟ್ಟುತ್ತಿದ್ದರು. ಬೇಳೆ ಬಸಿದ ಕಟ್ಟಿನಿಂದ ನಮ್ಮಲ್ಲಿ ಕಟ್ಟಿನ ಸಾರು ಆಗುತ್ತದೆ, ಇಲ್ಲಿ ಒಬ್ಬಟ್ಟಿನ ಸಾರು. ಈ ಸಾರಿನ ವಿಷಯದಲ್ಲಿ ಮಾತ್ರ ಎರಡು ಮನೆಗಳಿಗೂ ಜಗಳವಿಲ್ಲ. ಎರಡನ್ನೂ ಮರುದಿನಕ್ಕೆ ಎತ್ತಿಡುತ್ತಾರೆ.

1993ರ ಯುಗಾದಿ ಮದುವೆಯಾದ ಮೇಲೆ ನನಗೆ ಬಂದ ಮೊದಲ ಯುಗಾದಿ. ತವರಿನ ಪದ್ಧತಿಯಲ್ಲಿ ಗೋಧಿ ಹಿಟ್ಟಿನ ಕಣಕ ಕಲಸಿ, ಕಡಲೆಬೇಳೆಯ ಹೂರಣ ತುಂಬಿ, ಇಪ್ಪತ್ತು ಹೋಳಿಗೆ ಲಟ್ಟಿಸಿ ಬೇಯಿಸಿದೆ. ಅತ್ತೆ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡರು. ‘ಚೆನ್ನಾಗಿದೆಯಮ್ಮ. ಆದರೆ ಇದು ಸಿಹಿ ಚಪಾತಿ. ನಾಳೆ ಒಬ್ಬಟ್ಟು ಮಾಡೋದು ಹೇಗೆ ಅಂತ ತೋರಿಸ್ತೀನಿ’ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನೆರೆಮನೆಯವರು ಬಂದಾಗಲೂ ‘ಸೊಸೆ ಸಿಹಿ ಚಪಾತಿ ಮಾಡಿದ್ದಾಳೆ, ತಗೊಳ್ಳಿ’ ಎಂದೇ ಕೊಟ್ಟರು. ನನ್ನ ತಾಯಿ, ಅವಳ ತಾಯಿ, ಅವಳ ಅತ್ತೆ ಇಷ್ಟು ಜನ ವರ್ಷವರ್ಷವೂ ಹೋಳಿಗೆಯೆಂದು ದೇವರ ಮುಂದಿಟ್ಟದ್ದು ಒಂದು ಮಾತಿನಲ್ಲಿ ಚಪಾತಿಯಾಗಿ ಹೋಯಿತು!

ಹಾಗಾದರೆ ಹೋಳಿಗೆ ಎಂದರೇನು? ಬಿ.ಎ. ಓದುವಾಗ ಸಂಸ್ಕೃತದ ಮೇಷ್ಟ್ರು ತರ್ಕಶಾಸ್ತ್ರದ ಕೆಲವು ಪಾಠ ಹೇಳಿದ್ದರು. ಯಾವುದೇ ವಸ್ತುವಿಗೆ ಲಕ್ಷಣ ಹೇಳುವಾಗ ಮೂರು ದೋಷಗಳು ಬರಬಹುದಂತೆ. ‘ಕಪಿಲ ಬಣ್ಣದ್ದು ಹಸು’ ಎಂದರೆ ಕರಿಯ ಹಸು, ಬಿಳಿಯ ಹಸು ಹೊರಗುಳಿಯುತ್ತವೆ; ಇದು ಅವ್ಯಾಪ್ತಿ. ‘ಕೊಂಬಿರುವುದು ಹಸು’ ಎಂದರೆ ಎಮ್ಮೆಯೂ ಒಳಗೆ ಬರುತ್ತದೆ, ಇದು ಅತಿವ್ಯಾಪ್ತಿ. ‘ಒಂದೇ ಗೊರಸಿನದು ಹಸು’ ಎಂದರೆ ಅಂಥ ಹಸುವೇ ಇಲ್ಲ, ಇದು ಅಸಂಭವ. ಕೊರಳ ಕೆಳಗೆ ಜೋಲುವ ಗಂಗೆದೊಗಲೇ ಹಸುವಿನ ಸರಿಯಾದ ಲಕ್ಷಣ ಎಂದು ಶಾಸ್ತ್ರಕಾರರು ತೀರ್ಮಾನಿಸಿದ್ದಾರೆ.

ಹೋಳಿಗೆಯ ಗಂಗೆದೊಗಲು ಯಾವುದು ಎಂದು ನಾನು ಬಹಳ ಹುಡುಕಿದೆ. ‘ಬೇಳೆಯ ಹೂರಣವಿರುವುದು ಹೋಳಿಗೆ’ ಎಂದರೆ ಕಾಯಿ ಹೋಳಿಗೆ, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ ಎಲ್ಲವೂ ಬಾಗಿಲಾಚೆ ನಿಲ್ಲುತ್ತವೆ. ಸಂಕ್ರಾಂತಿಯ ಎಳ್ಳು ಹೋಳಿಗೆಯನ್ನು ಹೊರಗಟ್ಟಲು ನಮ್ಮ ಕಡೆಯ ಯಾರೂ ಒಪ್ಪಲಾರರು. ‘ಕಣಕದೊಳಗೆ ಹೂರಣ ತುಂಬಿದ್ದು ಹೋಳಿಗೆ’ ಎಂದರೆ ಕಡುಬು, ಕರ್ಜಿಕಾಯಿ, ಮೋದಕ, ಕೊನೆಗೆ ಬೇಕರಿಯ ಸಮೋಸಾ ಕೂಡ ಹೋಳಿಗೆಯಾಗುತ್ತದೆ. ‘ತುಂಬಿ, ಚಪ್ಪಟೆ ಮಾಡಿ, ಹಂಚಿನ ಮೇಲೆ ಬೇಯಿಸಿದ್ದು’ ಎಂದರೆ ಆಲೂ ಪರಾಠಾ ಬಂದು ಪಂಕ್ತಿಯಲ್ಲಿ ಕೂರುತ್ತದೆ. ‘ಸಿಹಿಯಾಗಿರಬೇಕು’ ಎಂದು ಸೇರಿಸಿ ಅದನ್ನು ಎಬ್ಬಿಸೋಣವೆಂದರೆ ಖಾರದ ಒಬ್ಬಟ್ಟು ಮಾಡುವ ಮನೆಯವರು ಮುಖ ಊದಿಸುತ್ತಾರೆ. ಇನ್ನು ‘ಲಟ್ಟಿಸುವಾಗ ಎಂದೂ ಒಡೆಯದಿರುವುದು ಹೋಳಿಗೆ’ ಎಂದರೆ ಅದು ಅಸಂಭವ ದೋಷಕ್ಕೆ ತಕ್ಕ ಉದಾಹರಣೆ.

ಹೂರಣದ ಕಡೆಯಿಂದ ನೋಡಿದರೆ ವಿಚಾರ ಇನ್ನೂ ಸೋಜಿಗದ್ದು. ಬೇಯಿಸಿದ ಕಡಲೆಬೇಳೆಗೆ ಬೆಲ್ಲ, ಕಾಯಿತುರಿ, ತುಪ್ಪ ಸೇರಿಸಿ ಹಾಗೆಯೇ ಬಡಿಸಿದರೆ ಅದು ಹಯಗ್ರೀವ. ಬೇಳೆಬೆಲ್ಲದ ಹೂರಣವನ್ನೇ ಉಂಡೆ ಕಟ್ಟಿ, ಹಿಟ್ಟಿನಲ್ಲಿ ಅದ್ದಿ ಕರಿದರೆ ಸುಕ್ಕಿನುಂಡೆ. ಕಣಕದಲ್ಲಿ ಮಡಿಚಿ ಬೇಯಿಸಿದರೆ ಕಡುಬು. ಕಣಕದೊಳಗಿಟ್ಟು ಹಂಚಿನ ಮೇಲೆ ಹಾಕಿದರೆ ಹೋಳಿಗೆ. ಒಂದೇ ಮನೆಯ ನಾಲ್ಕು ಹೆಣ್ಣುಮಕ್ಕಳು ನಾಲ್ಕು ಊರಿಗೆ ಹೋಗಿ ನಾಲ್ಕು ಮನೆತನದ ಹೆಸರು ಪಡೆದ ಹಾಗೆ. ಒಳಗಿರುವ ವಸ್ತುವೇ ಹೆಸರನ್ನು ನಿರ್ಧರಿಸುತ್ತದೆ ಎನ್ನಲಾಗದು. ಹೊರಗಿನ ಹೊದಿಕೆಯೇ ನಿರ್ಧರಿಸುತ್ತದೆ ಎಂದೂ ಅನ್ನಲಾಗದು. ಯಾವ ಊರಿನಲ್ಲಿ, ಯಾವ ಹಬ್ಬಕ್ಕೆ, ಯಾರು ಯಾರಿಗೆ ಮಾಡಿದರು ಎಂಬುದೂ ಹೆಸರಿನೊಳಗೆ ಸೇರಿಕೊಂಡಿರುತ್ತದೆ.

ಇದು ನಮ್ಮ ಅಡುಗೆಗಷ್ಟೇ ಬಂದ ತೊಡಕಲ್ಲ. ನಾನು ಕನ್ನಡದ ಜೊತೆಗೆ ಇಂಗ್ಲಿಷನ್ನೂ ಪಾಠ ಮಾಡುತ್ತೇನೆ. ಆ ಭಾಷೆಯ ಮಕ್ಕಳ ಪದ್ಯಗಳಲ್ಲಿ ‘ಪೈ’ ಎಂಬ ತಿಂಡಿ ಮೇಲಿಂದ ಮೇಲೆ ಬರುತ್ತದೆ. ನಮ್ಮ ಮಕ್ಕಳಿಗೆ ಪೈ ಎಂದರೆ ಗಣಿತದ ಮೇಷ್ಟ್ರು ಹೇಳುವ ಇಪ್ಪತ್ತೆರಡರ ಏಳನೇ ಒಂದು ಭಾಗ. ಅವರ ಅಜ್ಜಂದಿರಿಗೆ ಕಾಸಿಗಿಂತ ಕಡಿಮೆ ಬೆಲೆಯ ನಾಣ್ಯ, ಆಣೆಗೆ ಹನ್ನೆರಡು. ‘ತಿನ್ನೋ ಪೈ ಹೇಗಿರುತ್ತೆ ಮಿಸ್?’ ಎಂದು ಒಬ್ಬ ಹುಡುಗ ಕೇಳಿದಾಗ, ‘ಹಿಟ್ಟಿನ ಹೊದಿಕೆಯೊಳಗೆ ಹಣ್ಣನ್ನೋ ಮಾಂಸವನ್ನೋ ತುಂಬಿ ಒಲೆಗೂಡಿನಲ್ಲಿ ಬೇಯಿಸುತ್ತಾರೆ’ ಎಂದೆ. ‘ಹಾಗಾದ್ರೆ ಅವರ ಹೋಳಿಗೆ’ ಎಂದ ಅವನು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲಾಗುತ್ತಿರಲಿಲ್ಲ.

ಆ ‘ಅವರ ಹೋಳಿಗೆ’ಯ ಕಥೆಯನ್ನು ಆಮೇಲೆ ಓದಿ ತಿಳಿದುಕೊಂಡೆ. ಅಲ್ಲಿಯೂ ನಮ್ಮದೇ ಗೊಂದಲ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಪೈಯ ಹೊರಹಿಟ್ಟು ದಪ್ಪಗೆ, ಗಟ್ಟಿಯಾಗಿ, ಒಳಗಿನ ಮಾಂಸ ಬೇಯುವುದಕ್ಕೂ ಕೆಡದೆ ಉಳಿಯುವುದಕ್ಕೂ ಒದಗುವ ಪಾತ್ರೆಯಂತೆ ಇರುತ್ತಿತ್ತು. ಇಂದಿನ ಪೈಯಲ್ಲಿ ಆ ಹೊದಿಕೆ ಎಷ್ಟು ಹಗುರವಾಗಿ ಪದರುಪದರಾಗಿದೆ ಎಂಬುದರ ಮೇಲೆಯೇ ಮಾಡಿದವರ ಕೈಗುಣ ಅಳೆಯುತ್ತಾರೆ. ಕುರುಬರ ಪೈ ಎಂಬ ಅರ್ಥದ ‘ಶೆಪರ್ಡ್ಸ್ ಪೈ’ಯಲ್ಲಿ ಹಿಟ್ಟೇ ಇಲ್ಲ; ಕೊಚ್ಚಿದ ಕುರಿಮಾಂಸದ ಮೇಲೆ ಹಿಸುಕಿದ ಆಲೂಗಡ್ಡೆಯ ಹೊದಿಕೆ. ಅಮೆರಿಕದ ‘ಬಾಸ್ಟನ್ ಕ್ರೀಮ್ ಪೈ’ ಎಂಬುದು ನಿಜಕ್ಕೂ ನಡುವೆ ಕೆನೆ ತುಂಬಿದ ಕೇಕು. ಅದನ್ನು 1996ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ತನ್ನ ಅಧಿಕೃತ ಸಿಹಿತಿಂಡಿ ಎಂದು ಸಾರಿತು. ಕೇಕನ್ನು ಪೈ ಎಂದು ಕರೆದು ಸರ್ಕಾರದ ಮುದ್ರೆಯನ್ನೂ ಒತ್ತಿದ ಜನ ಅವರು. ನಮ್ಮ ಸಿಹಿ ಚಪಾತಿಗೆ ಅಲ್ಲಿ ಸುಲಭವಾಗಿ ಜಾಗ ಸಿಕ್ಕೀತು.

ಸಂಪ್ರದಾಯದ ಹೆಸರು ಹೇಳಿ ‘ಇದಲ್ಲ, ಅದಲ್ಲ’ ಎನ್ನುವವರು ಒಮ್ಮೆ ನಮ್ಮ ಇಡ್ಲಿಯ ಇತಿಹಾಸ ನೋಡಬೇಕು. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಎಂಬ ಹೆಸರಿದೆ. ಹನ್ನೊಂದನೆಯ ಶತಮಾನದಲ್ಲಿ ಚಾವುಂಡರಾಯನೆಂಬವನು ಬರೆದ ‘ಲೋಕೋಪಕಾರ’ದಲ್ಲಿ ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ವಿಧಾನವಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿಯೂ ಉದ್ದಿನ ತಿಂಡಿಯಾಗಿಯೇ ಅದು ಬರುತ್ತದೆ. ಈ ಹಳೆಯ ಬರಹಗಳಲ್ಲಿ ಇಡ್ಲಿಗೆ ಅಕ್ಕಿ ಸೇರಿಸುವ ಮಾತಿಲ್ಲವೆಂದು ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ ಅವರು ಗುರುತಿಸಿದ್ದಾರೆ. ಅಂದರೆ ಇಂದು ನಾವು ಅಕ್ಕಿ, ಉದ್ದು ಸೇರಿಸಿ ಹುಳಿಬರಿಸಿ ಮಾಡುವ ಇಡ್ಲಿಯನ್ನು ಸೋಮೇಶ್ವರನ ಪಾಕಶಾಲೆಯವರು ಕಂಡಿದ್ದರೆ ‘ಇದು ಇಡ್ಲಿಯೇ ಅಲ್ಲ’ ಎಂದುಬಿಡುತ್ತಿದ್ದರೋ ಏನೋ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರ ಬಂದಾಗ ರವೆಯಿಂದ ಇಡ್ಲಿ ಮಾಡಿದೆವೆಂದು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್‌ನವರು ಹೇಳಿಕೊಂಡು ಬಂದಿದ್ದಾರೆ. ಅಕ್ಕಿಯಿಲ್ಲದ, ರಾತ್ರಿಯಿಡೀ ಹುಳಿಬರಿಸದ ಆ ರವೆ ಇಡ್ಲಿಯನ್ನು ಇಂದು ಯಾರಾದರೂ ಇಡ್ಲಿಯಲ್ಲ ಎನ್ನುತ್ತಾರೆಯೇ? ಅಂದಿನ ಕೊರತೆ ಇಂದಿನ ಸಂಪ್ರದಾಯವಾಗಿದೆ.

ಕೊರತೆಯ ಮಾತು ಬಂದಾಗ ನನ್ನ ಅಜ್ಜಿಯ ನೆನಪಾಗುತ್ತದೆ. 1972ರಲ್ಲಿ ಮಳೆ ಕೈಕೊಟ್ಟಿತು. ಹಾವೇರಿ ಆಗ ಧಾರವಾಡ ಜಿಲ್ಲೆಯಲ್ಲಿತ್ತು, ನಾಡಿನ ಹೆಸರು ಇನ್ನೂ ಮೈಸೂರು ರಾಜ್ಯವೆಂದಿತ್ತು. ನಾನು ನಾಲ್ಕೈದು ವರ್ಷದವಳು. ಹಾಗಾಗಿ ಇದನ್ನೆಲ್ಲ ಅವ್ವ ಹೇಳಿ ಕೇಳಿದ್ದು. ಮುಂದಿನ ವರ್ಷದ ಯುಗಾದಿಯ ಹೊತ್ತಿಗೆ ಮನೆಯಲ್ಲಿ ಕಡಲೆಬೇಳೆ ಇರಲಿಲ್ಲ, ಕೊಳ್ಳಲು ಕೈಯಲ್ಲಿ ಕಾಸೂ ಇರಲಿಲ್ಲ. ಎತ್ತುಗಳಿಗೆಂದು ಇಟ್ಟ ಹುರುಳಿ ಸ್ವಲ್ಪ ಇತ್ತು. ಎತ್ತುಗಳನ್ನು ಮಾರಿ ಆಗಿತ್ತು. ಅಜ್ಜಿ ಆ ಹುರುಳಿಯನ್ನೇ ಬೇಯಿಸಿ, ಇದ್ದ ಒಂದಿಷ್ಟು ಬೆಲ್ಲ ಹಾಕಿ ರುಬ್ಬಿ, ಜೋಳದ ಹಿಟ್ಟಿಗೆ ಒಂದು ಹಿಡಿ ಗೋಧಿ ಹಿಟ್ಟು ಬೆರೆಸಿ ಕಣಕ ಮಾಡಿದಳು. ಜೋಳಕ್ಕೆ ಜಿಗುಟಿಲ್ಲ, ಹೋಳಿಗೆಗಳು ಹಂಚಿನ ಮೇಲೆಯೇ ಬಿರಿದವು. ತಲೆಗೊಂದು ಬಂತು. ಊಟಕ್ಕೆ ಕೂತ ನೆಂಟರ ಹುಡುಗನೊಬ್ಬ, ಸ್ವಲ್ಪ ಉಳ್ಳವರ ಮನೆಯವನು, ‘ಅಮ್ಮಾ, ಇದು ಹೋಳಿಗಿ ಅಲ್ಲ ಬಿಡು’ ಎಂದನಂತೆ. ಅಜ್ಜಿ ಬಡಿಸುವ ಕೈ ನಿಲ್ಲಿಸಲಿಲ್ಲ. ‘ಇವತ್ತು ಹಬ್ಬ ಐತೋ ಇಲ್ಲೋ, ಅದನ್ನ ಮೊದಲ ಹೇಳೋ ತಮ್ಮಾ’ ಎಂದಳಂತೆ.

ಅಜ್ಜಿ ತರ್ಕಶಾಸ್ತ್ರ ಓದಿದವಳಲ್ಲ, ಸಹಿಗೆ ಹೆಬ್ಬೆಟ್ಟು ಒತ್ತುತ್ತಿದ್ದವಳು. ಆದರೆ ಆ ಮಾತಿನಲ್ಲಿ ಅವಳು ಪ್ರಶ್ನೆಯನ್ನೇ ತಿರುಗಿಸಿದ್ದಳು. ಹುರುಳಿಯೋ ಕಡಲೆಯೋ ಎಂಬುದು ಅವಳಿಗೆ ಎರಡನೆಯ ವಿಷಯ. ವರ್ಷದ ಮೊದಲ ದಿನ ಮನೆಯ ಮಕ್ಕಳ ಎಲೆಗೆ ಹೋಳಿಗೆ ಬೀಳಬೇಕು ಎಂಬುದು ಮೊದಲನೆಯದು. ಆ ದಿನ ಅವಳು ಅದನ್ನು ಹುರುಳಿ ರೊಟ್ಟಿ ಎಂದು ಕರೆದಿದ್ದರೆ ಮಾತು ಹೆಚ್ಚು ನಿಖರವಾಗುತ್ತಿತ್ತು, ನಿಜ. ಆದರೆ ಆ ಮಕ್ಕಳ ಪಾಲಿಗೆ 1973ರಲ್ಲಿ ಯುಗಾದಿ ಬರುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಓದುಗರು ನನ್ನನ್ನು ಕೇಳಬಹುದು: ಹಾಗಾದರೆ ಯಾರು ಯಾವುದನ್ನು ಬೇಕಾದರೂ ಹೋಳಿಗೆ ಎನ್ನಬಹುದೇ? ಮಾತಿಗೆ ಬೆಲೆ ಬೇಡವೇ? ನಾನು ಭಾಷೆ ಕಲಿಸುವವಳು. ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ಒಂದು ಮಾತಿಗೆ ಎಲ್ಲ ಅರ್ಥವೂ ಬಂದರೆ ಅದಕ್ಕೆ ಯಾವ ಅರ್ಥವೂ ಉಳಿಯುವುದಿಲ್ಲ. ‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ’ ಎಂಬ ಗಾದೆ ಹುಟ್ಟಿದ್ದು ಹೆಸರಿಗೆ ತಕ್ಕ ವಸ್ತು ಇರಬೇಕೆಂಬ ನಿರೀಕ್ಷೆಯಿಂದಲೇ.

ಈಗ ಪೇಟೆಯಲ್ಲಿ ಹೋಳಿಗೆಯದೇ ಅಂಗಡಿಗಳಿವೆ. ಖೋವಾ, ಕ್ಯಾರೆಟ್, ಖರ್ಜೂರ, ಅನಾನಸ್, ಚಾಕಲೇಟ್ ಎಂದು ಬಗೆಬಗೆಯ ಹೋಳಿಗೆಗಳು ಹಂಚಿನಿಂದ ಇಳಿಯುತ್ತಿರುತ್ತವೆ. ಚಾಕಲೇಟ್ ಹೋಳಿಗೆಯನ್ನು ಕಂಡು ನನಗೇನೂ ಸಂಕಟವಾಗುವುದಿಲ್ಲ. ಒಳಗೆ ಚಾಕಲೇಟ್ ಇದೆ ಎಂದು ಹೆಸರಿನಲ್ಲೇ ಹೇಳಿದ್ದಾರೆ. ಸಂಕಟವಾಗಿದ್ದು ಬೇರೆ ಕಡೆ. ‘ಶುದ್ಧ ತುಪ್ಪದ ಹೋಳಿಗೆ’ ಎಂದು ಬರೆದ ಪೊಟ್ಟಣವೊಂದನ್ನು ಹೆಚ್ಚು ಬೆಲೆ ತೆತ್ತು ಒಂದು ಅಂಗಡಿಯಿಂದ ತಂದಿದ್ದೆ. ಮನೆಗೆ ಬಂದು ಕನ್ನಡಕ ಹಾಕಿಕೊಂಡು ಹಿಂಬದಿಯ ಸಣ್ಣ ಅಕ್ಷರ ಓದಿದರೆ ಮೊದಲು ವನಸ್ಪತಿಯ ಹೆಸರು, ಬಹಳ ಕೆಳಗೆ ತುಪ್ಪದ ಹೆಸರು. ನನ್ನ ಅಜ್ಜಿಯ ಹುರುಳಿ ಹೋಳಿಗೆಯಲ್ಲೂ ತುಪ್ಪ ಇರಲಿಲ್ಲ. ಆದರೆ ಅವಳು ಇದೆಯೆಂದು ಯಾರಿಗೂ ಹೇಳಿರಲಿಲ್ಲ, ಯಾರಿಂದಲೂ ಹಣ ಪಡೆದಿರಲಿಲ್ಲ.

ಕಾನೂನು ಈ ವ್ಯತ್ಯಾಸವನ್ನು ಬಲ್ಲದು. ನಮ್ಮ ದೇಶದ ಆಹಾರ ಸುರಕ್ಷತೆಯ ನಿಯಮಗಳ ಪ್ರಕಾರ, ಮುಂದೆ ಯಾವ ವಿಶೇಷಣವೂ ಇಲ್ಲದೆ ‘ಐಸ್ ಕ್ರೀಮ್’ ಎನ್ನಿಸಿಕೊಳ್ಳಬೇಕಾದರೆ ಅದರಲ್ಲಿ ಶೇಕಡಾ 10ರಷ್ಟಾದರೂ ಹಾಲಿನ ಕೊಬ್ಬು ಇರಬೇಕು. ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಕೊಬ್ಬು ಹಾಕಿದ್ದರೆ ಅದನ್ನು ‘ಫ್ರೋಜನ್ ಡೆಸರ್ಟ್’ ಎಂದೇ ಮಾರಬೇಕು. ಮನೆಯಲ್ಲಿ ಅಜ್ಜಿಯೊಬ್ಬಳು ಮೊಮ್ಮಕ್ಕಳಿಗೆ ಬಾಳೆಹಣ್ಣು, ಹಾಲು ಕಲಸಿ ಫ್ರಿಜ್ಜಿನಲ್ಲಿಟ್ಟು ‘ಬನ್ನಿ, ಐಸ್ ಕ್ರೀಮ್ ಮಾಡಿದೀನಿ’ ಎಂದರೆ ಯಾವ ಅಧಿಕಾರಿಯೂ ಬಂದು ಶೇಕಡಾವಾರು ಲೆಕ್ಕ ಕೇಳುವುದಿಲ್ಲ. ಕೇಳಲೂಬಾರದು. ಮಾರುವವರ ಬಾಯಲ್ಲಿ ಹೆಸರೆಂಬುದು ಕರಾರು. ಕೊಳ್ಳುವವರು ಅದನ್ನು ನಂಬಿ ಹಣ ಬಿಚ್ಚುತ್ತಾರೆ. ಬಡಿಸುವವರ ಬಾಯಲ್ಲಿ ಅದೇ ಹೆಸರು ಕರೆಯುವ ಮಾತು, ಬಂದು ಕೂತು ಉಣ್ಣಿ ಎನ್ನುವ ಮಾತು.

ಇಡೀ ಪ್ರಾಂತ್ಯಗಳೇ ಹೆಸರಿಗಾಗಿ ಕಾದಾಡಿದ್ದೂ ಉಂಟು. ರಸಗುಲ್ಲ ತಮ್ಮದೆಂದು ಪಶ್ಚಿಮ ಬಂಗಾಳದವರೂ ಒಡಿಶಾದವರೂ ವರ್ಷಗಟ್ಟಲೆ ವಾದಿಸಿದರು. 2017ರಲ್ಲಿ ‘ಬಾಂಗ್ಲಾರ್ ರಸಗೋಲ್ಲಾ’ಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು, 2019ರಲ್ಲಿ ‘ಒಡಿಶಾ ರಸಗೋಲಾ’ಕ್ಕೂ ಸಿಕ್ಕಿತು. ಎರಡೂ ರಸಗುಲ್ಲವೇ, ಎರಡಕ್ಕೂ ಊರಿನ ಹೆಸರನ್ನು ಮುಂದೆ ಸೇರಿಸಿದರು, ಅಷ್ಟೆ. ನಮ್ಮತ್ತೆಗೂ ನನಗೂ 1993ರಲ್ಲಿ ಇಂಥದೊಂದು ರಾಜಿ ಸೂತ್ರ ಹೊಳೆದಿದ್ದರೆ ಎಷ್ಟು ಚೆನ್ನಾಗಿತ್ತು: ಅವರದು ತುಮಕೂರು ಒಬ್ಬಟ್ಟು, ನನ್ನದು ಹಾವೇರಿ ಹೋಳಿಗೆ.

ಆದರೆ ಮನೆಗಳಲ್ಲಿ, ಶಾಲೆಗಳಲ್ಲಿ ‘ಇದು ಹೋಳಿಗೆಯಲ್ಲ’ ಎನ್ನುವವರು ಸಾಮಾನ್ಯವಾಗಿ ಲಕ್ಷಣದ ಬಗ್ಗೆ ತಲೆ ಕೆಡಿಸಿಕೊಂಡವರಲ್ಲ. ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ, ಯುಗಾದಿಯ ರಜೆ ಮುಗಿದ ಮರುದಿನ, ಬಿಸಿಯೂಟದ ಅಡುಗೆಯ ಹೆಂಗಸೊಬ್ಬಳು ಶಿಕ್ಷಕರ ಕೊಠಡಿಗೆ ಒಂದು ಡಬ್ಬಿ ತಂದಿಟ್ಟಳು. ಅವಳು ಊರಾಚೆಯ ಕೇರಿಯವಳು. ದಿನವೂ ಇನ್ನೂರು ಮಕ್ಕಳಿಗೆ ಸಾರು, ಅನ್ನ ಬೇಯಿಸುವವಳು. ‘ಮೇಡಮ್ಮೋರೆ, ನಮ್ಮನೆ ಒಬ್ಬಟ್ಟು’ ಎಂದು ಹೇಳಿ ಬಾಗಿಲಲ್ಲಿಯೇ ನಿಂತಳು. ಒಬ್ಬರು ಎರಡು ಬೆರಳಲ್ಲಿ ಅಂಚು ಎತ್ತಿ ನೋಡಿ, ‘ಇದೇನು, ಒಬ್ಬಟ್ಟಾ?’ ಎಂದು ನಕ್ಕರು. ಇನ್ನೊಬ್ಬರಿಗೆ ಆ ದಿನ ಸಕ್ಕರೆ ಕಾಯಿಲೆ ಜ್ಞಾಪಕಕ್ಕೆ ಬಂತು. ಮತ್ತೊಬ್ಬರದು ಉಪವಾಸ. ಒಬ್ಬಟ್ಟು ಸ್ವಲ್ಪ ದಪ್ಪನಾಗಿತ್ತು, ನಿಜ. ಆದರೆ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಮಾತು ಒಬ್ಬಟ್ಟಿನ ದಪ್ಪದ ಬಗ್ಗೆ ಅಲ್ಲವೆಂದು. ಅವಳಿಗೂ ಗೊತ್ತಿತ್ತು. ಕಿಟಕಿಯ ಬಳಿ ಹಾಜರಿ ಪುಸ್ತಕ ತಿದ್ದುತ್ತಿದ್ದ ನಮ್ಮ ಪಿ.ಟಿ. ಮೇಷ್ಟ್ರು ಎದ್ದು ಬಂದು, ಒಂದನ್ನು ಮಡಿಚಿ ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ‘ಬೆಲ್ಲ ಎಲ್ಲಿ ತಗೊಂಡೆಯಮ್ಮ? ಒಳ್ಳೆ ಬೆಲ್ಲ’ ಎಂದರು. ಆಗ ನಾವೂ ಒಂದೊಂದು ತೆಗೆದುಕೊಂಡೆವು. ಎಲ್ಲರೂ ಅಲ್ಲ.

ಮೇಷ್ಟ್ರು ಅದನ್ನು ಒಬ್ಬಟ್ಟು ಎಂದೂ ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ ಎಂಬುದನ್ನು ಗಮನಿಸಿ. ಮಾಡಿದವಳು ಹೇಳಿದ ಹೆಸರನ್ನು ಒಪ್ಪಿಕೊಂಡು, ಮುಂದಿನ ಮಾತಿಗೆ, ಬೆಲ್ಲದ ಮಾತಿಗೆ ಹೋದರು. ಬಡಿಸಿದ ವಸ್ತುವನ್ನು ಬಡಿಸಿದವರ ಮಾತಿನಿಂದಲೇ ಕರೆಯುವುದು ಒಂದು ಮರ್ಯಾದೆ. ಅದರಲ್ಲಿ ಸುಳ್ಳೇನೂ ಇಲ್ಲ. ಹೆಸರಿಡುವ ಹಕ್ಕು ಮೊದಲು ಮಾಡಿದ ಕೈಗೆ ಸೇರಿದ್ದು.

ಹೀಗೆನ್ನುವಾಗ ನಮ್ಮತ್ತೆಯ ಬಗ್ಗೆ ಅನ್ಯಾಯದ ಮಾತಾಡಲು ನನಗೆ ಇಷ್ಟವಿಲ್ಲ. ಅವರು ಹದಿನಾರನೆಯ ವಯಸ್ಸಿಗೆ ಆ ಮನೆಗೆ ಬಂದವರು. ಜಮೀನು ಮಾರುವಾಗ ಯಾರೂ ಅವರನ್ನು ಕೇಳಲಿಲ್ಲ. ಮಗಳ ಮದುವೆಯ ಮಾತುಕತೆ ಜಗಲಿಯಲ್ಲಿ ನಡೆದಾಗ ಅವರು ಒಳಗೆ ಕಾಫಿ ಸೋಸುತ್ತಿದ್ದರು. ಇಡೀ ಬದುಕಿನಲ್ಲಿ ಅವರ ಮಾತೇ ಕೊನೆಯ ಮಾತು ಎನ್ನುವ ಜಾಗವೊಂದಿದ್ದರೆ ಅದು ಒಲೆಯ ಮುಂದಿನ ನಾಲ್ಕು ಅಡಿ ನೆಲ. ಒಬ್ಬಟ್ಟು ಯಾವುದು, ಯಾವುದಲ್ಲ ಎಂದು ಹೇಳುವುದು ಅವರಿಗಿದ್ದ ಏಕೈಕ ನ್ಯಾಯಾಧೀಶಗಿರಿ. ಅದನ್ನು ಅವರು ಬಿಗಿಯಾಗಿ ಹಿಡಿದದ್ದರಲ್ಲಿ ಆಶ್ಚರ್ಯವೇನು? ನಮ್ಮ ಎಷ್ಟೋ ಮನೆಗಳ ಅತ್ತೆ–ಸೊಸೆಯರ ಜಗಳ ಹೀಗೆ ಬೇರೆಲ್ಲ ಕಡೆ ಬಾಯಿ ಮುಚ್ಚಿಕೊಂಡಿದ್ದವರ ಜಗಳ. ಇದನ್ನು ಅರ್ಥಮಾಡಿಕೊಳ್ಳಬಹುದು. ಆದರೂ ಮೇಲಿನವರು ಕೊಡದ ಮರ್ಯಾದೆಯ ಲೆಕ್ಕವನ್ನು ಕೆಳಗಿನವರ ತಟ್ಟೆಯಿಂದ ವಸೂಲು ಮಾಡುವುದು ಸರಿಯೆಂದು ನನಗೆ ಅನ್ನಿಸುವುದಿಲ್ಲ.

ಅವರ ಕೊನೆಯ ವರ್ಷಗಳಲ್ಲಿ ನಾನೇ ಒಬ್ಬಟ್ಟು ತಟ್ಟುತ್ತಿದ್ದೆ, ಅವರು ಮಂಚದ ಮೇಲಿಂದ ನೋಡುತ್ತಿದ್ದರು. ಬಾಳೆಲೆಯ ಮೇಲೆ ತಟ್ಟುವ ಆ ಕೈಚಳಕವನ್ನು ಅವರಿಂದಲೇ ಕಲಿತೆ. ಅದಕ್ಕೆ ನಾನು ಋಣಿ. ಬೆರಳ ತುದಿಗೆ ಹೂರಣ ಎಲ್ಲಿದೆ, ಎಲ್ಲಿಲ್ಲ ಎಂದು ತಿಳಿಯುವುದು ಲಟ್ಟಣಿಗೆಗೆ ಬಾರದ ವಿದ್ಯೆ. ಯುಗಾದಿಗೆ ಒಬ್ಬಟ್ಟು, ದೀಪಾವಳಿಗೆ ಹೋಳಿಗೆ ಎಂದು ನಮ್ಮ ಮನೆಯಲ್ಲಿ ತಾನಾಗಿ ಒಂದು ಹಂಚಿಕೆಯಾಯಿತು. ಎರಡರ ಹೆಸರನ್ನೂ ನನ್ನ ಮಕ್ಕಳು ಬೇರೆ ಬೇರೆಯಾಗಿಯೇ ಹೇಳುತ್ತಾರೆ.

ಮಗಳು ಈಗ ಅಮೆರಿಕದಲ್ಲಿದ್ದಾಳೆ. ಹೋದ ವರ್ಷ ಯುಗಾದಿಯ ದಿನ ಫೋನು ಮಾಡಿದವಳು, ಅಂಗಡಿಯಲ್ಲಿ ಸಿಗುವ ಡಬ್ಬಿಯ ಕುಂಬಳಕಾಯಿ ತಿರುಳಿಗೆ ಬೆಲ್ಲ, ಕಾಯಿತುರಿ ಹಾಕಿ ಕೆದಕಿ ಹೂರಣ ಮಾಡಿದೆ ಎಂದಳು. ಅಲ್ಲಿನವರು ನವೆಂಬರ್ ತಿಂಗಳ ಹಬ್ಬಕ್ಕೆ ಅದೇ ತಿರುಳಿನಿಂದ ಪೈ ಮಾಡುತ್ತಾರಂತೆ. ಜೊತೆಗೆ ಕೆಲಸ ಮಾಡುವವಳಿಗೆ ಒಂದು ಕೊಟ್ಟಳಂತೆ. ತಿಂದವಳು ‘ಇದು ಚಪ್ಪಟೆ ಪೈ’ ಎಂದಳಂತೆ. ‘ನೀನೇನೆಂದೆ?’ ಎಂದು ಕೇಳಿದೆ. ‘ಅವಳಿಗೆ ಪೈ, ನಮಗೆ ಹೋಳಿಗೆ ಅಂದೆ’ ಎಂದಳು. ಆಮೇಲೆ ಸ್ವಲ್ಪ ತಡೆದು, ‘ಇದನ್ನ ಹೋಳಿಗೆ ಅನ್ನಬಹುದಾ ಅಮ್ಮ?’ ಎಂದು ಕೇಳಿದಳು. ಅಂಚು ಗಟ್ಟಿಯಾಯಿತೇ ಎಂದು ಕೇಳಿದೆ. ಆಯಿತು ಎಂದಳು. ಮುಂದಿನ ಸಲ ಕಣಕವನ್ನು ಇನ್ನೊಂದು ಗಂಟೆ ನೆನೆಯಲು ಬಿಡು ಎಂದೆ.

ನನ್ನ ಹೋಳಿಗೆಯ ಮಟ್ಟಿಗೆ ನಾನು ಈಗಲೂ ಬಿಗಿಯೇ. ಹೂರಣ ಅಂಚಿಗೆ ಹೋಗದಿದ್ದರೆ ಆ ಹೋಳಿಗೆಯನ್ನು ಎಲೆಗೆ ಹಾಕುವುದಿಲ್ಲ, ನಾನೇ ತಿನ್ನುತ್ತೇನೆ. ಅಂಗಡಿಯವರ ವಿಷಯದಲ್ಲಿ ಇನ್ನೂ ಬಿಗಿ. ಪೊಟ್ಟಣದ ಹಿಂಬದಿ ಓದದೆ ಕೊಳ್ಳುವುದಿಲ್ಲ, ಸುಳ್ಳು ಬರೆದಿದ್ದರೆ ಹೋಗಿ ಹೇಳುತ್ತೇನೆ. ಇನ್ನೊಬ್ಬರ ಮನೆಯಲ್ಲಿ ಎಲೆಯ ಮುಂದೆ ಕೂತಾಗ ಮಾತ್ರ ಅವರು ಹೇಳಿದ ಹೆಸರೇ ಅದರ ಹೆಸರು. ಈ ಮೂರು ಕಡೆಗೂ ಒಂದೇ ಅಳತೆಗೋಲು ಹಿಡಿಯುವುದು ನ್ಯಾಯವೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಹಣ ಪಡೆದವರು ಉತ್ತರ ಹೇಳಬೇಕು, ಮಾಡುವವರು ತಮ್ಮ ಕೈಗೆ ತಾವೇ ಉತ್ತರ ಹೇಳಿಕೊಳ್ಳಬೇಕು. ಇದ್ದುದರಲ್ಲಿ ಹಬ್ಬ ಮಾಡಿ ನಮ್ಮನ್ನು ಕರೆದವರನ್ನು ಯಾಕೆ ಪ್ರಶ್ನೆ ಕೇಳಬೇಕು? ಅವರೆದುರು ನಾವು ಆಡಬೇಕಾದ ಮಾತು ‘ಇನ್ನೊಂದು ಹಾಕಿ’ ಎಂಬುದು. ಸಕ್ಕರೆ ಕಾಯಿಲೆಯಿದ್ದವರು ಅರ್ಧ ಎಂದರೆ ಸಾಕು.